ಹಡೆದವಳ ಸೀರೆ

ಭೋಜ
೧೮ ನವೆಂಬರ್ ೧೯೮೬

ಮುದ್ದಿನ ತಂಗಿ ಅಕ್ಕುತಾಯಿಗೆ,

ಭೋಜದಿಂದ ನಿನ್ನ ಅಕ್ಕ ಸಕ್ಕುಬಾಯಿಯ ಆಶೀರ್ವಾದ. ನಾವಿಲ್ಲಿ ಉಂಡುಟ್ಟು ಚೆನ್ನಾಗಿದ್ದೇವೆ. ಅಲಖನೂರಿನಲ್ಲಿ ಅಪ್ಪ, ಅವ್ವ, ನೀನು, ನಿನ್ನ ಹೊಟ್ಟೆಯೊಳಗಿನದು, ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ದೀಪಾವಳಿ ಹೊತ್ತಿಗೇ ಕೈ ಸೇರಿತ್ತು. ಉತ್ತರಕ್ಕೆ ಇಷ್ಟು ತಡವಾಯಿತೆಂದು ಸಿಟ್ಟಾಗಬೇಡ. ಕಬ್ಬು ಕಡಿಯುವವರು ಬಂದು ಕೂತಿದ್ದಾರೆ, ದಿನಾ ಬುಟ್ಟಿಗಟ್ಟಲೆ ರೊಟ್ಟಿ ಬಡಿಯಬೇಕು. ಅತ್ತೆಗೆ ಮೊಣಕಾಲು ನೋವು. ಆ ನೋವು ರೊಟ್ಟಿ ಬಡಿಯುವ ಹೊತ್ತಿಗೆ ಬಂದು ಉಣ್ಣುವ ಹೊತ್ತಿಗೆ ಹೋಗುತ್ತದೆ. ನೀನಿದ್ದಾಗ ಇಬ್ಬರೂ ಹಂಚಿಕೊಂಡು ಮಾಡುತ್ತಿದ್ದ ಕೆಲಸ ಈಗ ನನ್ನೊಬ್ಬಳ ತಲೆಯ ಮೇಲಿದೆ.

ನಿನ್ನ ಕಾಗದ ಓದಿ ನಕ್ಕುಬಿಟ್ಟೆ. 'ಅಕ್ಕಾ, ಕೂಸಿನ ಅರಿವಿ ಎಂಥಾವ ಇರಬೇಕು, ಹೆಂಗ ಮಡಚಬೇಕು, ನನಗ ಒಂದೂ ತಿಳಿವಲ್ದು' ಎಂದು ಕೇಳಿದ್ದೀ. ಪಕ್ಕದಲ್ಲಿ ಹಡೆದ ಅವ್ವ ಕೂತಿದ್ದಾಳೆ. ಅವಳನ್ನು ಬಿಟ್ಟು, ಊರೆಲ್ಲ ಬಂಜೆ ಎನ್ನುವ ಅಕ್ಕನನ್ನು ಕೇಳಿದ್ದೀ. ಅವ್ವನನ್ನು ಕೇಳಿದರೆ ಉತ್ತರಕ್ಕಿಂತ ಮೊದಲು ಬೈಗುಳ ಬರುತ್ತದೆ ಎಂಬುದು ನನಗೂ ಗೊತ್ತಿದೆ ಬಿಡು. ಏನೇ ಆದರೂ ನೀನು ನನ್ನನ್ನು ಕೇಳಿದೆ, ನನಗೆ ಸಂತೋಷವಾಯಿತು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಿನ್ನ ಮದುವೆಯ ದಿನ ನೆನಪಾಯಿತು. ಅಕ್ಕನ ಗಂಡನಿಗೇ ತಂಗಿಯನ್ನೂ ಕೊಡಲು ಅಪ್ಪ ಒಪ್ಪಿದಾಗ ನಾನು ಅಳಲಿಲ್ಲ, ನಾನೇ ನಿನಗೆ ಅರಿಸಿನ ಹಚ್ಚಿದೆ. ಹಚ್ಚುವಾಗ ನೀನು ನನ್ನ ಕಿವಿಯಲ್ಲಿ ಹೇಳಿದ್ದು ಇದು: 'ಅಕ್ಕಾ, ನಾ ಹಡೀತೇನಿ, ನೀ ಜ್ವಾಕಿ ಮಾಡು. ಕೂಸು ನಿನ್ನ ಉಡ್ಯಾಗ ಬೆಳಿಲಿ.' ಆ ಒಂದು ಮಾತಿನ ಮೇಲೆ ನಾನು ಈ ಮನೆಯಲ್ಲಿ ಇನ್ನೂ ನಿಂತಿದ್ದೇನೆ. ನಮ್ಮ ಯಜಮಾನರು ಒಳ್ಳೆಯವರು. 'ನಮ್ಮ' ಎಂದು ಬರೆದರೆ ನಿನಗೂ ಸಲ್ಲುತ್ತದೆ, ನನಗೂ ಸಲ್ಲುತ್ತದೆ. ಆದರೆ ಅವರ ಒಳ್ಳೆಯತನ ಬಾಯಿ ಬಿಡದೆ ಉಂಡು ಏಳುವ ಒಳ್ಳೆಯತನ, ಅದನ್ನು ನಂಬಿ ಒಂದು ಹೆಂಗಸು ಮುದುಕಿಯಾಗಲು ಆಗುವುದಿಲ್ಲ.

ಇರಲಿ. ಈಗ ಕೇಳು. ನಾದಿನಿ ತನ್ನ ಬಾಣಂತನಗಳನ್ನೆಲ್ಲ ಈ ಮನೆಯಲ್ಲೇ ಮಾಡಿಸಿಕೊಂಡಳು, ಅವಳ ಮಕ್ಕಳ ಅರಿವೆಯನ್ನೆಲ್ಲ ಒಗೆದವಳು ನಾನು. ಹೀಗಾಗಿ ಕೂಸಿನ ಅರಿವೆಯ ವಿಷಯದಲ್ಲಿ ನನ್ನ ಮಾತನ್ನು ನಂಬು. ಹೊಸ ಬಟ್ಟೆ ಬೇಡ. ಅಂಗಡಿಯಿಂದ ತಂದದ್ದರಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ, ತೊಡೆಯ ಸಂದಿಯಲ್ಲಿ ಕೊರೆಯುತ್ತದೆ. ಟೆರಿಕಾಟ್, ನೈಲಾನ್ ಹತ್ತಿರವೂ ತರಬೇಡ. ಕೈಗೆ ನುಣ್ಣಗೆ ಸಿಗುತ್ತದೆ, ಆದರೆ ಉಚ್ಚೆ ಅದರೊಳಗೆ ಇಳಿಯದೆ ಕಾಲಗುಂಟ ಹರಿದು ಹಾಸಿಗೆಗೆ ಹೋಗುತ್ತದೆ. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ ಬೇಕು, ಇಲ್ಲವೆ ಗಂಡಸರ ಹಳೆಯ ಧೋತರ. ಬಟ್ಟೆಯನ್ನು ನಿನ್ನ ಕೆನ್ನೆಗೆ ಹಚ್ಚಿ ಕಣ್ಣು ಮುಚ್ಚು. ಅದು ಅಲ್ಲಿದೆ ಎಂದು ಗೊತ್ತಾದರೆ ಇನ್ನೊಂದು ವರ್ಷ ಅದನ್ನು ನೀನೇ ಉಡು. ಗೊತ್ತಾಗದಿದ್ದರೆ ಕೂಸಿಗೆ ಹರಿ.

ಬಣ್ಣ ತಿಳಿಯಾಗಿರಲಿ, ಕೂಸು ಏನು ಮಾಡಿದೆ, ಹಳದಿಯೋ ಹಸಿರೋ, ಕಣ್ಣಿಗೆ ಕಾಣಬೇಕು. ಸೀರೆಯ ಅಂಚಿನ ದಡಿ ಒರಟು, ಅದನ್ನು ಕತ್ತರಿಸಿ ತೆಗೆ. ಚೌಕಾಗಿ ಹರಿದು ಮೂಲೆಗೆ ಮೂಲೆ ಕೂಡಿಸಿ ಮಡಚಿದರೆ ಲಂಗೋಟಿಯ ಆಕಾರ ಬರುತ್ತದೆ. ನಡುವೆ ಇನ್ನೊಂದು ತುಂಡನ್ನು ದಪ್ಪಗೆ ಮಡಚಿ ಇಡು. ಗಂಡಾದರೆ ಆ ದಪ್ಪ ಮುಂದಕ್ಕಿರಲಿ, ಹೆಣ್ಣಾದರೆ ಹಿಂದಕ್ಕೆ. ಹೊಕ್ಕುಳು ಉದುರುವ ತನಕ ಗಂಟು ಅದರ ಕೆಳಗೇ ಬರಬೇಕು. ಪಿನ್ನು ಮಾತ್ರ ಚುಚ್ಚಬೇಡ, ನಾನು ಕಳಿಸುವುದಕ್ಕೆ ಕಟ್ಟುವ ಕಸೆ ಹೊಲಿದಿದ್ದೇನೆ. ಒಗೆಯುವಾಗ ಮೊದಲು ತಣ್ಣೀರು, ಆಮೇಲೆ ಸಾಬೂನು, ಆಮೇಲೆ ನೊರೆ ಪೂರ್ತಿ ಹೋಗುವ ತನಕ ಜಾಲಿಸು. ಬೇಲಿಯ ಮೇಲೆ ಒಣಹಾಕಬೇಡ. ಜಾಲಿಯ ಮುಳ್ಳು ಬಟ್ಟೆಯಲ್ಲಿ ಉಳಿದರೆ ಕೂಸು ಅಳುತ್ತದೆ, ನೀವೆಲ್ಲ ಹೊಟ್ಟೆನೋವು ಎಂದು ಬಜೆ ತೇಯ್ದು ನೆಕ್ಕಿಸುತ್ತ ಕೂರುತ್ತೀರಿ.

ನಮ್ಮವರು ನಿಪ್ಪಾಣಿಯಿಂದ ಒಂದು ಪ್ಲಾಸ್ಟಿಕ್ ಚಡ್ಡಿ ತಂದಿದ್ದಾರೆ. ಗುಲಾಬಿ ಬಣ್ಣದ್ದು, ಡಬ್ಬಿಯ ಮೇಲೆ ದುಂಡಗಿನ ಬಿಳಿ ಕೂಸಿನ ಚಿತ್ರ. ಅಂಗಡಿಯವನು 'ಹೊರಗ ಒಂದ ಹನಿ ಬರೂದಿಲ್ಲ, ಸಾಹುಕಾರ' ಎಂದನಂತೆ. ಒಳಗೆ ಕೂಸು ಬೆಂದರೆ ಅಂಗಡಿಯವನಿಗೇನು ನೋವು? ಅದನ್ನು ನಾನು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದೇನೆ. ನಿಜವಾಗಿಯೂ ಒಂದು ಹನಿ ಹೊರಗೆ ಬಂದಿಲ್ಲ.

ಈ ಕಾಗದದ ಜೊತೆ ಒಂದು ಗಂಟು ಬರುತ್ತದೆ. ನನ್ನ ಟ್ರಂಕಿನೊಳಗಿನ ನನ್ನ ಸೀರೆಗಳನ್ನೇ ತೆಗೆದೆ. ಕೆಲವನ್ನು ಹೊಸದಾಗಿ ಹರಿದೆ, ಕೆಲವು ಮೊದಲೇ ಹರಿದು ಹೊಲಿದಿಟ್ಟಿದ್ದವು. ಸೀರೆ ಹರಿಯಲು ಇನ್ನೊಂದು ತುದಿ ಹಿಡಿಯುವವರು ಬೇಕು. ನೀನು ಸಣ್ಣವಳಿದ್ದಾಗ ಒಮ್ಮೆ ಹಿಡಿದಿದ್ದೆ, ನೆನಪಿದೆಯೋ ಇಲ್ಲವೋ. ಈ ಸಲ ಬಾಗಿಲ ಚಿಲಕಕ್ಕೆ ಕಟ್ಟಿ ಎಳೆದೆ. ಅತ್ತೆ ನೋಡಿ ಏನೋ ಹೇಳಲು ಬಾಯಿ ತೆರೆದರು, ನಾನು ಅವರ ಕಡೆ ನೋಡಿದೆ, ಬಾಯಿ ಮುಚ್ಚಿಕೊಂಡರು. ನಮ್ಮ ಆಳು ಮಾಳಸಿದ್ದ ನಾಳೆ ಎತ್ತು ನೋಡಲು ರಾಯಬಾಗದ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಹೊತ್ತು ಹೊತ್ತಿಗೆ ಉಣ್ಣು. ಎಡಮಗ್ಗುಲಾಗಿ ಮಲಗು. ಹೆರಿಗೆಗೆ ಹೆದರಬೇಡ.

ನಿನ್ನ ಅಕ್ಕ,
ಸಕ್ಕುಬಾಯಿ


ಭೋಜ
೨೦ ಡಿಸೆಂಬರ್ ೧೯೮೬

ತಂಗಿ ಅಕ್ಕುತಾಯಿಗೆ,

ಅಕ್ಕನ ಆಶೀರ್ವಾದ. ಈ ಸಲವೂ ಬರೆಯಲು ತಡವಾಯಿತು. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬರೆಯಲು ಮನಸ್ಸಿರಲಿಲ್ಲ.

ನಾನು ಕಟ್ಟಿದ ಗಂಟು ನಾನು ಕಟ್ಟಿದ ಹಾಗೆಯೇ ಮರಳಿ ಬಂತು. ಒಂದು ಎಳೆಯನ್ನೂ ಬಿಚ್ಚಿ ನೋಡಿರಲಿಲ್ಲ. ಮಾಳಸಿದ್ದ ಅದನ್ನು ಕಟ್ಟೆಯ ಮೇಲಿಟ್ಟು ಮೀಸೆ ತಿಕ್ಕುತ್ತ ನಿಂತ.

'ಬ್ಯಾಡಂತ್ರಿ ಅವ್ವಾರ' ಅಂದ. 'ಮೊದಲ ಕೂಸಿಗಿ ಹಡದಾಕಿ ಸೀರಿನ ಬೇಕಂತ. ಮಕ್ಕಳು ಬದುಕಿ ಬಾಳಿದಾಕಿದು.'

'ಯಾರಂದ್ರು?' ಅಂದೆ.

'ಒಳಗಿಂದ ಮಾತ ಬಂತ್ರಿ. ನಾ ಹೊರಗ ಕಟ್ಟಿ ಮ್ಯಾಲ ಕುಂತ ಚಾ ಕುಡ್ಯಾಕತ್ತಿದ್ನಿ' ಅಂದ, ಮತ್ತೆ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಹೋಗಿಬಿಟ್ಟ.

ಅವ್ವನದೇ ಮಾತು, ಬೇರೆ ಯಾರದು? ಸ್ವಂತ ಮಗಳಿಗೆ ಇದನ್ನು ಅನ್ನಲು ಅವಳಿಗೆ ನಾಲಗೆ ತಡವರಿಸುವುದಿಲ್ಲ. ನಾನು ನಿನ್ನನ್ನು ದೂರುವುದಿಲ್ಲ. ತುಂಬಿದ ಬಸುರಿ, ಅವ್ವನ ಕೈಯ ಊಟ ಉಣ್ಣುತ್ತಿದ್ದೀ, ಎದುರು ಮಾತಾಡಲು ಆಗಲಿಕ್ಕಿಲ್ಲ. ಅತ್ತೆಗೆ ಮಾತ್ರ ಅವತ್ತು ಹಬ್ಬ. 'ನಾ ಬಾಯಿ ಮುಚ್ಕೊಂಡ ಕುಂತೇನಿ. ಹಡದ ತಾಯಿನ ತಿರಗಿ ಕಳಿಸ್ಯಾಳ, ಇನ್ನ ನಾ ಏನ ಅನ್ಲಿ?' ಎಂದು ಓಣಿಯ ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದರು. ಗಂಟನ್ನು ಟ್ರಂಕಿಗೆ ಹಾಕಿ ಕೀಲಿ ಹಾಕಿದೆ. ನಮ್ಮವರು ಊಟಕ್ಕೆ ಕೂತು 'ಚಟ್ನ್ಯಾಗ ಉಪ್ಪ ಕಡಿಮಿ ಆಗೇತಿ' ಅಂದರು. ಉಪ್ಪು ಹಾಕಿದೆ.

ಹಡೆದವಳ ಸೀರೆ ಬೇಕೆಂದಿರಲ್ಲ, ಹುಡುಕಿದೆ. ನಮ್ಮ ಓಣಿಯ ಕಾಳವ್ವನಿಗೆ ಏಳು ಮಕ್ಕಳು, ಏಳೂ ಬದುಕಿವೆ, ಒಂದಕ್ಕೆ ಬೈದರೆ ಇನ್ನೊಂದು ತಿರುಗಿ ನೋಡುತ್ತದೆ. ಅವ್ವ ಕೇಳಿದ ಲಕ್ಷಣವೆಲ್ಲ ಅವಳಲ್ಲಿದೆ. ಕೇಳಿದಾಗ ಕಾಳವ್ವ ನಾಚಿದಳು. 'ನನ್ನ ಹರಕ ಸೀರಿ ಸಾವಕಾರ ಮನಿ ಕೂಸಿಗ್ಯಾಕ್ರಿ ಅವ್ವಾರ' ಅಂದಳು. ಆಮೇಲೆ ತಂದುಕೊಟ್ಟಳು, ಅವನ್ನೇ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಬಟ್ಟೆ ಮೆತ್ತಗಿದೆ, ನಾನು ಹೇಳಿದ ಹಾಗೆ ಉಟ್ಟು ಒಗೆದು ಮೆತ್ತಗಾಗಿದೆ.

ಆದರೆ ಒಂದು ಮಾತು. ಕಾಳವ್ವ ನಿಪ್ಪಾಣಿಯ ತಂಬಾಕಿನ ವಖಾರಿಗೆ ಹೋಗುವವಳು. ಅಲ್ಲಿ ದಿನವೆಲ್ಲ ತಂಬಾಕು ಬಡಿದು ಜರಡಿ ಹಿಡಿಯುತ್ತಾಳೆ, ಈ ಸೀರೆಗಳನ್ನು ಉಟ್ಟುಕೊಂಡೇ. ನಾನು ಅಂಗಳದಲ್ಲಿ ಒಮ್ಮೆ ಝಾಡಿಸಿದೆ, ಅವಳೂ ಸೀನಿದಳು, ನಾನೂ ಸೀನಿದೆ, ಗೋಡೆಯ ಮೇಲಿದ್ದ ಬೆಕ್ಕು ಎದ್ದು ಹೋಯಿತು. ನೀರಿಗೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮೂರು ಸಲ ಕುದಿಸಿದೆ. ಬಣ್ಣ ಕಡಿಮೆಯಾಯಿತು, ವಾಸನೆ ಹೋಗಿಲ್ಲ. ಕೂಸಿನ ತೊಗಲು ಈರುಳ್ಳಿ ಸಿಪ್ಪೆಗಿಂತ ತೆಳು ಇರುತ್ತದೆ. ವಾಸನೆ ಪೂರ್ತಿ ಹೋಗುವ ತನಕ ಕುದಿಸು, ಹೋಗದಿದ್ದರೆ ಕೂಸಿಗೆ ಹಾಕಬೇಡ, ನೆಲ ಒರೆಸಲು ಇಟ್ಟುಕೊ. ಅಪ್ಪನ ಹಳೆಯ ಧೋತರ ಹರಿ, ಅಪ್ಪ ಏನೂ ಅನ್ನುವುದಿಲ್ಲ.

ಇದನ್ನು ಅವ್ವನಿಗೆ ಹೇಳು. ಹೇಳಿದರೆ ಅವಳು ಏನೆನ್ನುತ್ತಾಳೆ ಎಂದೂ ನನಗೆ ಗೊತ್ತಿದೆ. ನಾನು ಒಮ್ಮೆ ಹೇಳಿದ್ದೇನೆ, ಎರಡನೆಯ ಸಲ ಹೇಳುವುದಿಲ್ಲ.

ಸುಖವಾಗಿ ಹೆತ್ತು ಎರಡು ಜೀವವಾಗು.

ನಿನ್ನ ಅಕ್ಕ,
ಸಕ್ಕುಬಾಯಿ


ಭೋಜ
೨೯ ಜನವರಿ ೧೯೮೭

ತಂಗಿ ಅಕ್ಕುತಾಯಿಗೆ,

ಗಂಡು ಹುಟ್ಟಿತೆಂದು ಸುದ್ದಿ ಬಂದಾಗ ಅತ್ತೆ ಮೊಣಕಾಲು ನೋವು ಮರೆತು ಓಣಿಯ ತುಂಬ ಸಕ್ಕರೆ ಹಂಚಿದರು. ನನ್ನ ಕೈಗೂ ಒಂದು ಚಿಟಿಕೆ ಹಾಕಿದರು. ನಾನು ತಿಂದೆ, ಸಿಹಿಯಾಗಿಯೇ ಇತ್ತು. ನಿನಗೂ ನಿನ್ನ ಮಗನಿಗೂ ನೂರು ವರ್ಷ ಆಯುಷ್ಯವಾಗಲಿ.

ನಿನ್ನ ಕಾಗದ ನಿನ್ನೆ ಬಂತು. ಕೂಸಿನ ತೊಡೆ ಎಲ್ಲ ಕೆಂಪಾಗಿ ಬೊಕ್ಕೆ ಎದ್ದು, ಬೊಕ್ಕೆ ಒಡೆದು ಹುಣ್ಣಾಗಿದೆ, ಹಾಲು ಕುಡಿದದ್ದನ್ನೆಲ್ಲ ಕಾರುತ್ತಿದೆ, ಅಳಲೂ ತ್ರಾಣವಿಲ್ಲದೆ ಬಿದ್ದಿರುತ್ತದೆ ಎಂದು ಬರೆದಿದ್ದೀ. ರಾಯಬಾಗದ ಡಾಕ್ಟರು ಅರಿವೆ ಮೂಸಿ ನೋಡಿ 'ಇದನ್ಯಾರು ಹಾಕಿದ್ರು' ಎಂದು ಬೈದರಂತೆ. ಡಾಕ್ಟರ ಮೂಗು ಗಂಡಸರ ಮೂಗು, ಅದರ ಮಾತನ್ನು ಅವ್ವ ನಂಬಿದಳು. ನನ್ನ ಮೂಗು ಒಂದು ತಿಂಗಳ ಮೊದಲೇ ಅದನ್ನೇ ಹೇಳಿತ್ತು.

ನನ್ನ ಕಾಗದ ಓದಿ ಹೇಳಿದಾಗ ಅವ್ವ 'ಬಂಜಿಗೇನ ಗೊತ್ತ ಕೂಸಿನ ತೊಗಲ' ಎಂದು ಒಂದು ಸಲ ಜಾಲಿಸಿ ಹಾಕಿದಳಂತೆ. ಈಗ ಹುಣ್ಣಾದ ಮೇಲೆ ಅವಳ ಮಾತು ಬೇರೆ. 'ಸೀರಿ ಕಾಳವ್ವಂದು, ಗಂಟ ಕಟ್ಟಿದ ಕೈ ಯಾರದು? ಆ ಕೈದ ನೆದರ ಹತ್ತೇತಿ' ಎನ್ನುತ್ತಾಳಂತೆ. ಅದನ್ನು ನೀನು ನನಗೆ ಬರೆದೂ ಬರೆದಿದ್ದೀ. ಕೆಳಗೆ 'ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ' ಎಂದೂ ಸೇರಿಸಿದ್ದೀ. ಬೇಸರ ಮಾಡಿಕೊಂಡಿಲ್ಲ. ನನ್ನ ಕಣ್ಣಿಗೆ ಅಷ್ಟು ಶಕ್ತಿಯಿದ್ದರೆ ಮೊದಲು ಬೇರೆ ಎಷ್ಟೋ ಜನರನ್ನು ನೋಡುವುದಿತ್ತು.

ಬೇರೆ ಅರಿವೆ ಕಳಿಸು, ಹಡೆದವಳದೇ ಆಗಬೇಕು, ನಿನ್ನ ಕೈ ತಾಗದ ಹಾಗೆ ಕಳಿಸು ಎಂದಿದ್ದೀರಿ. ಕೂಸು ನರಳುತ್ತಿರುವಾಗ ಜಗಳ ಮಾಡುವುದಿಲ್ಲ. ದೊಡ್ಡ ಮನೆಯ ರಾಜಮತಿ ಅಕ್ಕನವರನ್ನು ನೀನು ನೋಡಿದ್ದೀಯ, ಬೆಳ್ಳಗಿನ ಮುದುಕಿ, ಬಸದಿಗೆ ಹೋಗುವಾಗ ದಾರಿಯಲ್ಲಿ ಇರುವೆಗೂ ಜಾಗ ಬಿಟ್ಟು ನಡೆಯುವವರು. ಎಂಟು ಮಕ್ಕಳು, ಮೊಮ್ಮಕ್ಕಳಿಗೆ ಲೆಕ್ಕವಿಲ್ಲ. ಇದು ಅವರ ಮನೆಯ ಗಂಟು. ತಂಬಾಕಿನ ನೆರಳೂ ಬಿದ್ದಿಲ್ಲ. ಕೆನ್ನೆಗೆ ಹಚ್ಚಿ ನೋಡು. ಮಾಳಸಿದ್ದನೇ ತರುತ್ತಾನೆ, ನನ್ನ ಕೈ ತಾಗಿಲ್ಲ ಎಂದು ಅವ್ವನಿಗೆ ಹೇಳು.

ಹಳೆಯ ಅರಿವೆ ಒಂದನ್ನೂ ಬಿಡದೆ ತೆಗೆ. ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೂಸನ್ನು ಸ್ವಲ್ಪ ಹೊತ್ತು ಬರಿಮೈಯಲ್ಲಿ ಎಳೆಬಿಸಿಲಿಗೆ ಮಲಗಿಸು. ಮುಚ್ಚಿ ಮುಚ್ಚಿ ಕೊಲ್ಲಬೇಡಿ.

ನಾನು ಮೊದಲಿನ ಕಾಗದದಲ್ಲಿ ಬರೆದಿದ್ದೆನಲ್ಲ, ನೀನು ಸಣ್ಣವಳಿದ್ದಾಗ ಸೀರೆಯ ತುದಿ ಹಿಡಿದಿದ್ದೆ ಎಂದು. 'ಯಾವ ಸೀರಿ, ಯಾವಾಗ, ನನಗೇನೂ ನೆನಪಿಲ್ಲ ಅಕ್ಕಾ' ಎಂದು ಉತ್ತರ ಬರೆದಿದ್ದೀ. ಇರಲಿ ಬಿಡು, ಆಗ ನೀನು ಹತ್ತು ವರ್ಷದ ಹುಡುಗಿ. ದೊಡ್ಡವರೇ ಮರೆತಿದ್ದಾರೆ.

ಕೂಸಿನ ಸುದ್ದಿ ಬೇಗ ಬರೆ. ಬರೆಯುವ ತನಕ ನನಗೆ ಅನ್ನ ಇಳಿಯುವುದಿಲ್ಲ.

ಅಕ್ಕ,
ಸಕ್ಕುಬಾಯಿ


ಭೋಜ, ತೋಟದ ಮನೆ
೨೧ ಏಪ್ರಿಲ್ ೧೯೮೭

ಚಿರಂಜೀವಿ ಸೌಭಾಗ್ಯವತಿ ಅಕ್ಕುತಾಯಿಗೆ,

ನಿನ್ನ ಎರಡು ಕಾಗದಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಮನೆ ಬದಲಿಸುವ ಗಡಿಬಿಡಿ ಇತ್ತು. ಮೇಲೆ ಬರೆದ ವಿಳಾಸ ನೋಡಿದರೆ ನಿನಗೆ ಗೊತ್ತಾಗುತ್ತದೆ. ನಿನಗೆ ಮೊದಲೇ ಗೊತ್ತಿತ್ತು, ಆದರೂ ಬರೆಯುತ್ತೇನೆ.

ಮಗನ ಹುಣ್ಣು ಮಾದು ಮೈ ಬೆಣ್ಣೆಯಾಗಿದೆ ಎಂದು ಓದಿ ಕಣ್ಣಲ್ಲಿ ನೀರು ಬಂತು. ರಾಜಮತಿ ಅಕ್ಕನವರ ಅರಿವೆ ಹಾಕಿದ ಮರುದಿನವೇ ಕೂಸು ಕಣ್ಣು ಬಿಟ್ಟು ಹಾಲು ಕುಡಿಯಿತು, 'ಎಂಟ ಮಕ್ಕಳ ತಾಯಿ ಪುಣ್ಯ, ಅರಿವ್ಯಾಗ ಇಳದ ಬಂದೈತಿ' ಎಂದು ಅವ್ವ ಕೈ ಮುಗಿದಳಂತೆ. ಅಂಚಿಗೆ ಹಸಿರು ದಾರ ಓಡಿಸಿದ ಅರಿವೆಗಳಿವೆಯಲ್ಲ, ಅವು ಎಲ್ಲಕ್ಕಿಂತ ಮೆತ್ತಗಿವೆ, ಅವನ್ನು ಕಟ್ಟಿದರೆ ಮಾತ್ರ ಮಗ ಪೂರ್ತಿ ನಿದ್ದೆ ಮಾಡುತ್ತಾನೆ ಎಂದೂ ಬರೆದಿದ್ದೀ. ಸರಿಯಾಗಿಯೇ ಗುರುತಿಸಿದ್ದೀ. ಅರಿವೆಯ ವಿಷಯದಲ್ಲಿ ನೀನಿನ್ನು ಹೊಸಬಳಲ್ಲ.

ರಾಜಮತಿ ಅಕ್ಕನವರ ಉಡಿ ತುಂಬು ಎಂದು ನೀನು ಒಂದು ಖಣ, ತೆಂಗಿನಕಾಯಿ, ಅರಿಸಿನ ಕುಂಕುಮ ಕಳಿಸಿದ್ದೆ. ಎಲ್ಲ ಬಂದು ಮುಟ್ಟಿತು. ಖಣದ ಬಣ್ಣ ಚೆನ್ನಾಗಿದೆ.

ಯುಗಾದಿ ಮುಗಿದ ಮೇಲೆ ಹೆಸರಿಟ್ಟಿರಿ. ನನ್ನನ್ನು ಕರೆಯಲಿಲ್ಲ. ಅತ್ತೆ ಹೋದರು, ನಮ್ಮವರು ಹೋದರು, ನಾದಿನಿ ತನ್ನ ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ, ನಮ್ಮವರು ಬಂಡಿ ಏರುತ್ತ 'ದನಕ್ಕ ನೀರ ಕುಡಿಸು' ಅಂದರು. ಕುಡಿಸಿದೆ. ಮರಳಿ ಬಂದ ಮೇಲೆ ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

'ಸಕ್ಕೂ, ಕೂಸ ಈ ಮನಿಗಿ ಬರೂ ಹೊತ್ತಿಗಿ ನೀ ತ್ವಾಟದ ಮನ್ಯಾಗ ಇರು. ಹಸುಗೂಸೈತಿ, ಒಮ್ಮಿ ಸಾವಿನ ಬಾಗಿಲಿಗಿ ಹೋಗಿ ಬಂದೈತಿ. ನೀನೂ ಹೆಣ್ಣಮಗಳು, ತಿಳ್ಕೊ.'

'ಎಷ್ಟ ದಿನಾರಿ?' ಅಂದೆ.

'ದೊಡ್ಡದಾಗ್ಲಿ, ನೋಡೂಣು' ಅಂದರು.

ನಾನು ನಮ್ಮವರ ಮುಖ ನೋಡಿದೆ. ಅವರು ಅಡಕೆ ಕತ್ತರಿಸುತ್ತ ಕೂತಿದ್ದರು. ನಾನು ನಿನ್ನ ಮಾತು ಹೇಳಿದೆ, ಕೂಸು ನನ್ನ ಉಡಿಯಲ್ಲಿ ಬೆಳೆಯಲಿ ಎಂದು ಅಕ್ಕು ಹೇಳಿದ್ದಳು, ಅವಳು ಬರಲಿ, ಅವಳೇ ಹೇಳಲಿ ಎಂದೆ. ಅತ್ತೆ ನಮ್ಮವರ ಕಡೆ ನೋಡಿದರು, ನಮ್ಮವರು ಅಡಕೆಯ ಕಡೆ ನೋಡಿದರು.

ಟ್ರಂಕನ್ನು ಬಂಡಿಗೆ ಹೇರಿ ತೋಟಕ್ಕೆ ಬಿಡಲು ಬಂದವನು ಮಾಳಸಿದ್ದ. ಬಾವಿಯ ಹತ್ತಿರ ಬಂಡಿ ನಿಲ್ಲಿಸಿ, ಎತ್ತಿನ ಕೊರಳ ಹುರಿ ಬಿಚ್ಚುತ್ತ ನನ್ನ ಮುಖ ನೋಡದೆ ಹೇಳಿದ.

'ಅವ್ವಾರ, ನನಗ ಸುಳ್ಳ ಹೊಟ್ಟ್ಯಾಗ ಇಟಗೊಂಡ ತಿರಗಾಕ ಆಗವಲ್ದ್ರಿ. ಆ ಗಂಟ ತಿರಗಿ ಕಳಿಸಿದ್ದ ನಿಮ್ಮ ತಾಯಿ ದೊಡ್ಡವ್ವಾರಲ್ಲ. ದೊಡ್ಡವ್ವಾರು, ಇರಲಿ ಇಟಗೊ, ಅಕ್ಕನ ಮನಸಿಗಿ ನೋವ ಆಗತೈತಿ ಅಂದ್ರು. ನಿಮ್ಮ ತಂಗಿ ಸಣ್ಣವ್ವಾರ ಬ್ಯಾಡ ಅಂದ್ರು. ಬಂಜಿ ಸೀರಿ ನನ್ನ ಕೂಸಿಗಿ ಮುಟ್ಟಸಬ್ಯಾಡ್ರಿ ಅಂತ ಅತ್ತರು. ಮೊನ್ನಿ ಹೆಸರಿಡೂ ದಿನಾ ಅತ್ತಿಯವರ ಮುಂದನೂ ಅವರ ಅಂದ್ರು, ಅಕ್ಕ ಆ ಮನ್ಯಾಗ ಇದ್ದರ ನಾ ಬರೂದಿಲ್ಲ ಅಂತ.'

ಅವನಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಅವನ ಮೇಲೆ ಸಿಟ್ಟಾಗಬೇಡ, ಅವನಿಂದ ನಿನಗೇನೂ ಕೆಡುಕಾಗಿಲ್ಲ.

ಇಷ್ಟು ದಿನ ನಾನು ಅವ್ವನನ್ನು ಬೈದುಕೊಂಡು ಸಮಾಧಾನವಾಗಿದ್ದೆ. ಅವ್ವ ಕೆಟ್ಟವಳೆಂದು ತಿಳಿದರೆ ಎದೆ ಉರಿಯುವುದಿಲ್ಲ, ಅದು ಹಳೆಯ ರೂಢಿ. ನೀನು ಹಾಗಲ್ಲ. ನಿನ್ನನ್ನು ನಾನು ಎತ್ತಿ ಆಡಿಸಿದ್ದೆ. ನಿನ್ನ ಮದುವೆಗೆ ಅರಿಸಿನ ಹಚ್ಚಿದ ಕೈ ಇದು. ಅರಿವೆ ಎಂಥದಿರಬೇಕು ಎಂದು ನನ್ನನ್ನು ಕೇಳಿದೆ, ನಾನು ಬರೆದದ್ದನ್ನೆಲ್ಲ ಕಲಿತುಕೊಂಡೆ, ಅರಿವೆಯನ್ನು ಮಾತ್ರ ಬೇಡ ಎಂದೆ. ನಿನ್ನ ಮೇಲೆ ನನಗೆ ತುಂಬಾ ಸಿಟ್ಟಿದೆ ಅಕ್ಕೂ. ಈ ಸಿಟ್ಟು ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ.

ತೋಟದ ಮನೆ ತಂಪಾಗಿದೆ. ಬಾವಿಯ ನೀರು ಸಿಹಿ. ನೀನು ಕೂಸನ್ನು ಕರೆದುಕೊಂಡು ಭೋಜಕ್ಕೆ ಬರುವ ದಿನ ನಾನು ತೋಟದ ಬೇಲಿಯ ಹತ್ತಿರ ಕೂಡ ನಿಲ್ಲುವುದಿಲ್ಲ, ಹೆದರದೆ ಬಾ. ಅಡಿಗೆಮನೆಯನ್ನು ಸಾರಿಸಿ ಇಟ್ಟು ಬಂದಿದ್ದೇನೆ. ಅತ್ತೆಯ ಮೊಣಕಾಲು ನೋವು ಇನ್ನು ನಿನಗೆ.

ನಿನ್ನ ಮಗ ಬಲವಾಗಿ ಬೆಳೆಯಲಿ. ನಿನಗೆ ಮುತ್ತೈದೆತನ ಗಟ್ಟಿಯಾಗಿರಲಿ, ಅದು ಗಟ್ಟಿಯಾದರೆ ನನ್ನದೂ ಗಟ್ಟಿ. ಇನ್ನೂ ಹೆರುವ ಭಾಗ್ಯ ಬರಲಿ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ.

ನಿನ್ನ ಅಕ್ಕ,
ಸಕ್ಕುಬಾಯಿ

ತಾ.ಕ. ರಾಜಮತಿ ಅಕ್ಕನವರನ್ನು ಎಲ್ಲಾದರೂ ಕಂಡರೆ ಅರಿವೆಯ ಮಾತು ತೆಗೆಯಬೇಡ, ಆ ಮುದುಕಿಗೆ ಏನೂ ಗೊತ್ತಿಲ್ಲ. ನಾನು ಅವರ ಮನೆಗೆ ಹೋಗಲೇ ಇಲ್ಲ. ಜನವರಿಯಲ್ಲಿ ಕಳಿಸಿದ್ದು ನೀನು ಮರಳಿಸಿದ ಮೊದಲಿನ ಗಂಟನ್ನೇ. ಮೇಲೆ ಸುತ್ತಿದ ಬಟ್ಟೆ ಮಾತ್ರ ಬದಲಿಸಿದ್ದೆ. ಮಾಳಸಿದ್ದನಿಗೂ ಗೊತ್ತಾಗಲಿಲ್ಲ. ನಿನ್ನ ಮಗನ ಹುಣ್ಣು ಮಾಯಿಸಿದ್ದು ನನ್ನ ಸೀರೆ. ನೀನು ಕಳಿಸಿದ ಖಣದಿಂದ ನನಗೆ ಕುಬಸ ಹೊಲಿಸಿಕೊಂಡಿದ್ದೇನೆ, ತೋಳು ಸರಿಯಾಗಿ ಕೂತಿದೆ.

ಹಸಿರು ದಾರದ ಅರಿವೆಗಳನ್ನು ಹರಿದದ್ದು ಹತ್ತು ವರ್ಷದ ಹಿಂದೆ, ಅಲಖನೂರಿನಲ್ಲಿ, ಈಗ ನೀನು ಮಗನನ್ನು ಹಾಕಿಕೊಂಡು ಮಲಗುತ್ತೀಯಲ್ಲ, ಆ ಕೋಣೆಯ ಬಾಗಿಲಲ್ಲಿ. ತುದಿ ಹಿಡಿದವಳು ನೀನು. ಹರಿಯುವ ಸದ್ದಿಗೆ ನಗುತ್ತಿದ್ದೆ. ನನ್ನ ಮಗಳಿಗೆಂದು ಮಾಡಿದ್ದು. ಅವಳು ಅವನ್ನು ಕಟ್ಟಿಕೊಂಡೇ ಇದ್ದಳು, ಹುಟ್ಟಿದ ಐದನೆಯ ದಿನ ಸಟವಾಯಿಯ ಪೂಜೆ ಮಾಡಿದ ಮರುದಿನ ಹೋದಳು. ಹೆಸರಿಟ್ಟಿರಲಿಲ್ಲ, ಅದಕ್ಕೆ ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವ್ವ ಆ ಮಾತನ್ನು ಮತ್ತೆ ಎತ್ತಲಿಲ್ಲ, ನಮ್ಮವರು ನೋಡಲೂ ಬಂದಿರಲಿಲ್ಲ, ಊರವರಿಗೆ ನಾನು ಬಂಜೆಯಾದೆ. ನೀನೂ ನೆನಪಿಲ್ಲ ಎಂದು ಬರೆದೆ. ಅವುಗಳನ್ನು ಕಟ್ಟಿದರೆ ಮಾತ್ರ ನಿನ್ನ ಮಗ ಪೂರ್ತಿ ನಿದ್ದೆ ಮಾಡುತ್ತಾನೆ. ಈಗ ಬಿಚ್ಚಿ ಒಲೆಗೆ ಹಾಕುತ್ತೀಯೋ, ಕಟ್ಟುತ್ತೀಯೋ, ನಿನಗೆ ಬಿಟ್ಟದ್ದು. ಹಡೆದವಳ ಸೀರೆ ಬೇಕು ಎಂದಿದ್ದೆ ನೀನು, ಹಡೆದವಳದನ್ನೇ ಕಳಿಸಿದ್ದೇನೆ.

ಅವ್ವನಿಗೆ ಓದಲು ಬಾರದು. ಇದನ್ನು ನೀನೇ ಅವಳಿಗೆ ಓದಿ ಹೇಳು. ನಿಧಾನವಾಗಿ ಓದು, ಅವಳಿಗೆ ಒಂದು ಕಿವಿ ಮಂದ.